ಸಿಗರೇಟು ಬಿಟ್ಟವರಿಗೆ ಬಹುಮಾನ: ನಲವತ್ತೆರಡನೆಯ ದಿನದ ಪ್ರಶ್ನೆ

ನವೆಂಬರ್ ನಡುವಿಗೆ ಶಬರಿಮಲೆಯ ಮಂಡಲ ಕಾಲ ಆರಂಭವಾಗುತ್ತಿದ್ದಂತೆ ನಮ್ಮ ಊರುಗಳ ಚಹಾ ಅಂಗಡಿಗಳ ಮುಂದೆ ಒಂದು ಬದಲಾವಣೆ ಕಾಣುತ್ತದೆ. ಹತ್ತಿಪ್ಪತ್ತು ವರ್ಷಗಳಿಂದ ಬೆಳಗಿನ ಚಹಾದ ಜೊತೆಗೆ ಸಿಗರೇಟು ತಪ್ಪಿಸದವರು ಕಪ್ಪು ಪಂಚೆ ಉಟ್ಟು, ಕೊರಳಿಗೆ ಮಾಲೆ ಹಾಕಿಕೊಂಡು, ಬರಿಯ ಚಹಾ ಕುಡಿದು ಹೊರಟುಬಿಡುತ್ತಾರೆ. ವೈದ್ಯರ ಎಚ್ಚರಿಕೆಯಿಂದಲೂ ಪೊಟ್ಟಣದ ಮೇಲಿನ ಕ್ಯಾನ್ಸರ್ ಚಿತ್ರದಿಂದಲೂ ಆಗದ ಕೆಲಸವನ್ನು ನಲವತ್ತೊಂದು ದಿನಗಳ ವ್ರತ ಮಾಡಿಸುತ್ತದೆ. ಯಾತ್ರೆ ಮುಗಿಸಿ ಬಂದು ಮಾಲೆ ತೆಗೆದ ಮೇಲೆ ಅವರಲ್ಲಿ ಅನೇಕರು ಅದೇ ಅಂಗಡಿಯ ಮುಂದೆ ನಿಂತು ಮತ್ತೆ ಬೆಂಕಿಪೊಟ್ಟಣ ಕೇಳುತ್ತಾರೆ.

ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಕು. ನಿಕೋಟಿನ್ ಸಿಗದಾಗ ಆಗುವ ಕಿರಿಕಿರಿ, ನಿದ್ರೆಗೇಡು, ಏಕಾಗ್ರತೆಯ ಕೊರತೆ ಇವೆಲ್ಲ ಮೊದಲ ಎರಡು ಮೂರು ದಿನಗಳಲ್ಲಿ ಅತಿ ತೀವ್ರವಾಗಿದ್ದು, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿದುಹೋಗುತ್ತವೆ. ಅಂದರೆ ನಲವತ್ತೊಂದು ದಿನ ಸೇದದೆ ಇದ್ದವರು ದೇಹದ ಮಟ್ಟಿಗೆ ಕಷ್ಟದ ಘಟ್ಟವನ್ನು ದಾಟಿಯೇ ಬಂದಿರುತ್ತಾರೆ. ಹಾಗಿದ್ದೂ ನಲವತ್ತೆರಡನೆಯ ದಿನ ಅವರು ಹಿಂದಿರುಗುತ್ತಾರೆಂದರೆ, ಆ ದಿನ ಅವರಿಂದ ಕಳಚಿಹೋದದ್ದು ಮಾಲೆಯೊಂದೇ ಆಗಿರುವುದಿಲ್ಲ. ‘ಸ್ವಾಮಿ’ ಎಂದು ಕರೆಯುವ ನೆರೆಹೊರೆ, ಜೊತೆಗೆ ವ್ರತ ಹಿಡಿದ ಸಂಗಡಿಗರು, ದಿನಕ್ಕೆರಡು ಬಾರಿಯ ಪೂಜೆ, ಮುಂದೆ ಕಾಣುತ್ತಿದ್ದ ಯಾತ್ರೆ ಎಲ್ಲವೂ ಒಂದೇ ದಿನ ಇಲ್ಲವಾಗುತ್ತವೆ. ಧೂಮಪಾನ ಬಿಡುವವರಿಗೆ ಪ್ರೋತ್ಸಾಹ ಮತ್ತು ಬಹುಮಾನ ಕೊಡುವ ಬಗ್ಗೆ ಎರಡು ದಶಕಗಳಿಂದ ಹಲವು ದೇಶಗಳಲ್ಲಿ ನಡೆದಿರುವ ಅಧ್ಯಯನಗಳು ಹೇಳುವುದನ್ನು ಅರ್ಥಮಾಡಿಕೊಳ್ಳಲು ಈ ವ್ರತದಷ್ಟು ಹತ್ತಿರದ ಉದಾಹರಣೆ ನಮಗೆ ಇನ್ನೊಂದಿಲ್ಲ.

ಬಿಡುವ ಮನಸ್ಸು ನಮ್ಮಲ್ಲಿ ಕಡಿಮೆಯಿಲ್ಲ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ವಯಸ್ಕರು ಬೀಡಿ, ಸಿಗರೇಟು ಅಥವಾ ಹುಕ್ಕಾ ಸೇದುತ್ತಿದ್ದರು. ಅವರಲ್ಲಿ ಶೇ 55.4 ಮಂದಿ ಬಿಡುವ ಯೋಚನೆಯಲ್ಲಿದ್ದೇವೆ ಎಂದಿದ್ದರು, ಶೇ 38.5 ಮಂದಿ ಹಿಂದಿನ ಹನ್ನೆರಡು ತಿಂಗಳಲ್ಲಿ ಒಮ್ಮೆಯಾದರೂ ಬಿಡಲು ಪ್ರಯತ್ನಿಸಿದ್ದರು. ಆದರೆ ಯಾರ ನೆರವೂ ಇಲ್ಲದೆ ಮಾಡುವ ಒಂದೊಂದು ಪ್ರಯತ್ನದಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಸೇದದೆ ಉಳಿಯುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ ಎಂಬುದು ವಿದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಬಹುತೇಕರು ಮೊದಲ ವಾರದಲ್ಲೇ ಸೋಲುತ್ತಾರೆ. ಇದನ್ನು ಮನೋಬಲದ ಕೊರತೆ ಎಂದು ತೀರ್ಪು ಕೊಡುವುದು ಸುಲಭ, ಮತ್ತು ನಮ್ಮ ಮನೆಗಳಲ್ಲಿ ಅದೇ ನಡೆಯುತ್ತದೆ. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯದ ತೀರ್ಪು. ಎಳೆದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪಿ ಸಮಾಧಾನ ಕೊಡುತ್ತದೆ, ಬಿಟ್ಟರೆ ಸಿಗುವ ಲಾಭವೋ ವರ್ಷಗಳಾಚೆ ಇದೆ. ಹೃದಯಾಘಾತದ ಅಪಾಯ ಒಂದು ವರ್ಷದಲ್ಲಿ ಗಣನೀಯವಾಗಿ ತಗ್ಗುತ್ತದೆ, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅರ್ಧದಷ್ಟಕ್ಕೆ ಇಳಿಯಲು ಹತ್ತು ವರ್ಷಗಳಾದರೂ ಬೇಕು. ಬರದಿರುವ ಕಾಯಿಲೆಯನ್ನು ಯಾರೂ ಕಣ್ಣಾರೆ ಕಾಣಲಾರರು. ಹೀಗೆ ಕೈಯಲ್ಲಿರುವ ಸುಖಕ್ಕೂ ಎಂದೋ ಬರುವ ಆರೋಗ್ಯಕ್ಕೂ ನಡೆಯುವ ಈ ಸ್ಪರ್ಧೆಯಲ್ಲಿ ಬಹುಮಾನದ ಕೆಲಸ ಸರಳವಾದದ್ದು: ದೂರದ ಲಾಭದ ಒಂದು ಸಣ್ಣ ಪಾಲನ್ನು ಈ ವಾರಕ್ಕೆ, ಸಾಧ್ಯವಾದರೆ ಇವತ್ತಿಗೇ, ತಂದುಕೊಡುವುದು.

ಇದು ಕೆಲಸ ಮಾಡುತ್ತದೆಯೇ? ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ 878 ಉದ್ಯೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಿಂದ ಆರಂಭಿಸಬಹುದು. ಅರ್ಧದಷ್ಟು ಮಂದಿಗೆ ಧೂಮಪಾನ ಬಿಡಿಸುವ ತರಬೇತಿಗಳ ಮಾಹಿತಿಯನ್ನಷ್ಟೇ ಕೊಡಲಾಯಿತು. ಉಳಿದವರಿಗೆ ಅದರ ಜೊತೆಗೆ ತರಬೇತಿ ಮುಗಿಸಿದರೆ 100 ಡಾಲರ್, ಆರು ತಿಂಗಳೊಳಗೆ ಬಿಟ್ಟದ್ದು ಪರೀಕ್ಷೆಯಲ್ಲಿ ಸಾಬೀತಾದರೆ 250 ಡಾಲರ್, ಆನಂತರ ಮತ್ತೆ ಆರು ತಿಂಗಳು ಸೇದದೆ ಉಳಿದರೆ 400 ಡಾಲರ್ ಎಂದು ಮೂರು ಹಂತದ ಬಹುಮಾನ ಇಡಲಾಯಿತು. ಒಂಬತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಬಹುಮಾನದ ಗುಂಪಿನಲ್ಲಿ ಶೇ 14.7 ಮಂದಿ, ಇನ್ನೊಂದರಲ್ಲಿ ಶೇ 5 ಮಂದಿ ಬಿಟ್ಟಿದ್ದರು. ಕೊನೆಯ ಕಂತು ಸಂದಾಯವಾಗಿ ತಿಂಗಳುಗಳು ಕಳೆದ ಮೇಲೆ ಮತ್ತೆ ನೋಡಿದಾಗ ಆ ಸಂಖ್ಯೆಗಳು ಶೇ 9.4 ಮತ್ತು ಶೇ 3.6ಕ್ಕೆ ಇಳಿದಿದ್ದವು. ಬಹುಮಾನ ಪಡೆದವರಲ್ಲೂ ಹಲವರು ಜಾರಿದರು ಎಂಬುದು ನಿಜ. ಆದರೆ ಹಣ ನಿಂತ ಮೇಲೂ ಎರಡು ಗುಂಪುಗಳ ನಡುವಿನ ಅಂತರ ಉಳಿದೇ ಇತ್ತು ಎಂಬುದೂ ಅಷ್ಟೇ ನಿಜ.

ಇಂತಹ 33 ಪ್ರಯೋಗಗಳನ್ನು, ಅಂದರೆ 21 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2019ರ ಪರಿಶೀಲನೆಯೂ ಇದೇ ತೀರ್ಮಾನಕ್ಕೆ ಬಂತು. ಬಹುಮಾನವಿಲ್ಲದವರಲ್ಲಿ ನೂರಕ್ಕೆ ಏಳು ಮಂದಿ ಆರು ತಿಂಗಳು ದಾಟಿದರೆ, ಬಹುಮಾನವಿದ್ದವರಲ್ಲಿ ಸುಮಾರು ಹತ್ತೂವರೆ ಮಂದಿ ದಾಟಿದರು. ಈ ಅಂತರ ಸಣ್ಣದೆಂದು ಕಾಣಬಹುದು. ಆದರೆ ಧೂಮಪಾನದಿಂದ ಬರುವ ಕಾಯಿಲೆಗಳ ಚಿಕಿತ್ಸೆಗೆ ಒಂದೊಂದು ಕುಟುಂಬವೂ ಮಾಡಬೇಕಾದ ಸಾಲವನ್ನು ಬಲ್ಲವರಿಗೆ, ನೂರರಲ್ಲಿ ಹೆಚ್ಚುವರಿಯಾಗಿ ಮೂರು ನಾಲ್ಕು ಜನ ಉಳಿದುಕೊಳ್ಳುವುದು ಅಲ್ಪವೆಂದು ತೋರಲಾರದು.

ಬಹುಮಾನದ ಹಣ ಯಾರದ್ದಾಗಿರಬೇಕು ಎಂಬುದು ಇನ್ನೂ ಕುತೂಹಲದ ಪ್ರಶ್ನೆ. ಬೇರೆಯವರು ಕೊಡುವ ಹಣಕ್ಕಿಂತ, ತಾನೇ ಮುಂಚಿತವಾಗಿ ಇಟ್ಟು ಸೋತರೆ ಕಳೆದುಕೊಳ್ಳುವ ಹಣದ ಬಿಗಿ ಹೆಚ್ಚು ಎಂಬ ಊಹೆಯನ್ನು ಪರೀಕ್ಷಿಸಲು ಫಿಲಿಪೀನ್ಸ್‌ನ ಮಿಂಡನಾವೊ ದ್ವೀಪದಲ್ಲಿ ಒಂದು ಬ್ಯಾಂಕು ಸೇದುವವರಿಗಾಗಿಯೇ ಉಳಿತಾಯ ಖಾತೆಯನ್ನು ತೆರೆಯಿತು. ಆರು ತಿಂಗಳು ಅದರಲ್ಲಿ ಹಣ ಕಟ್ಟುತ್ತ ಬಂದು, ಕೊನೆಗೆ ಮೂತ್ರ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಹಣ ಮರಳುತ್ತಿತ್ತು, ಇಲ್ಲವಾದರೆ ಪೂರ್ತಿ ದಾನಕ್ಕೆ ಹೋಗುತ್ತಿತ್ತು. ಖಾತೆ ತೆರೆಯಲು ಒಪ್ಪಿದವರು ನೂರಕ್ಕೆ ಹನ್ನೊಂದು ಮಂದಿ ಮಾತ್ರ. ಹಾಗಿದ್ದೂ, ಅವಕಾಶ ದೊರೆತವರೆಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಅವಕಾಶವಿಲ್ಲದವರಿಗಿಂತ ಸುಮಾರು ಮೂರು ಶೇಕಡಾಂಶ ಹೆಚ್ಚು ಜನ ಬಿಟ್ಟಿದ್ದರು. ಮುನ್ಸೂಚನೆಯಿಲ್ಲದೆ ಒಂದು ವರ್ಷಕ್ಕೆ ಮಾಡಿದ ಪರೀಕ್ಷೆಯಲ್ಲೂ ಆ ವ್ಯತ್ಯಾಸ ಅಳಿದಿರಲಿಲ್ಲ.

ಅಮೆರಿಕದ ಔಷಧ ಮಾರಾಟ ಸಂಸ್ಥೆ ಸಿವಿಎಸ್‌ನ ಉದ್ಯೋಗಿಗಳು ಮತ್ತು ಅವರ ಪರಿಚಿತರು, ಒಟ್ಟು 2,538 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ ಎರಡೂ ಬಗೆಗಳನ್ನು ಅಕ್ಕಪಕ್ಕದಲ್ಲಿಟ್ಟಿತು. ಕೆಲವರಿಗೆ 800 ಡಾಲರ್ ನೇರ ಬಹುಮಾನ; ಇನ್ನು ಕೆಲವರು 150 ಡಾಲರ್ ಠೇವಣಿ ಇಡಬೇಕು, ಗೆದ್ದರೆ ಅದರ ಜೊತೆಗೆ 650 ಡಾಲರ್ ಸಿಗುತ್ತದೆ. ಕೈಗೆ ಬರುವ ಗರಿಷ್ಠ ಮೊತ್ತ ಎರಡರಲ್ಲೂ ಒಂದೇ. ಬಹುಮಾನಕ್ಕೆ ಶೇ 90 ಮಂದಿ ಒಪ್ಪಿದರು, ಠೇವಣಿಗೆ ಶೇ 13.7 ಮಾತ್ರ. ಹೀಗಾಗಿ ಆರು ತಿಂಗಳ ಕೊನೆಗೆ ಒಟ್ಟಾರೆ ಗೆಲುವು ಬಹುಮಾನದ್ದೇ ಆಯಿತು: ಬಹುಮಾನದಲ್ಲಿ ಶೇ 15.7, ಠೇವಣಿಯಲ್ಲಿ ಶೇ 10.2, ಎರಡೂ ಇಲ್ಲದೆ ಸಾಮಾನ್ಯ ನೆರವು ಪಡೆದವರಲ್ಲಿ ಶೇ 6. ಆದರೆ ಎರಡರಲ್ಲಿ ಯಾವುದನ್ನು ಕೊಟ್ಟರೂ ಒಪ್ಪುತ್ತಿದ್ದಂತಹವರನ್ನಷ್ಟೇ ಹೋಲಿಸಿದಾಗ ಠೇವಣಿಯ ಫಲ 13.2 ಶೇಕಡಾಂಶ ಹೆಚ್ಚಿತ್ತು.

ನಮ್ಮವರಿಗೆ ಈ ಠೇವಣಿಯ ಮರ್ಮ ಹೊಸದಲ್ಲ. ಹರಕೆ ಹೊತ್ತವರು ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಇಡುತ್ತಾರೆ. ಎಷ್ಟೇ ಕಷ್ಟ ಬಂದರೂ ಆ ಗಂಟನ್ನು ಬಿಚ್ಚಿ ಅಕ್ಕಿ ತರುವುದಿಲ್ಲ. ಮುಡಿಪಿನ ಹಣ ಮನೆಯಲ್ಲೇ ಇದ್ದರೂ ಮನೆಯ ಹಣವಲ್ಲ. ಸಿಗರೇಟಿನ ಉಳಿತಾಯಕ್ಕೆ ಇಲ್ಲದಿರುವುದು ಇದೇ ಗುಣ. ಒಂದು ಸಿಗರೇಟಿಗೆ 18 ರೂಪಾಯಿ ಎಂದಿಟ್ಟುಕೊಂಡರೆ, ದಿನಕ್ಕೆ ಹತ್ತು ಸೇದುವವರಿಗೆ ತಿಂಗಳಿಗೆ 5,400 ರೂಪಾಯಿ, ವರ್ಷಕ್ಕೆ 65,700 ರೂಪಾಯಿ ಖರ್ಚು. ಬಿಟ್ಟರೆ ಇಷ್ಟು ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಬಿಟ್ಟವರು ಯಾರೂ ಆ ಮೊತ್ತವನ್ನು ಕಂಡಿರುವುದಿಲ್ಲ. ಅದು ತರಕಾರಿಗೆ, ಪೆಟ್ರೋಲಿಗೆ, ಮಕ್ಕಳ ಶುಲ್ಕಕ್ಕೆ ಹರಿದು ಹೋಗಿರುತ್ತದೆ. ಪ್ರತಿದಿನ ರಾತ್ರಿ ಆ 180 ರೂಪಾಯಿಯನ್ನು ಬೇರೆ ಡಬ್ಬಿಗೆ ಹಾಕಿದಾಗ ಮಾತ್ರ ಉಳಿತಾಯ ಕಣ್ಣಿಗೆ ಕಾಣುವ ಬಹುಮಾನವಾಗುತ್ತದೆ. ಅದನ್ನು ಹೆಂಡತಿಯ ಕೈಗೋ ನಂಬುಗೆಯ ಗೆಳೆಯನ ಕೈಗೋ ಕೊಟ್ಟು, ‘ಸೇದಿದರೆ ಇದು ನನ್ನದಲ್ಲ’ ಎಂದು ಮಾತು ಕೊಟ್ಟರೆ ಅದು ಮುಡಿಪೂ ಆಗುತ್ತದೆ.

ಮೊತ್ತದಷ್ಟೇ ಮುಖ್ಯವಾದದ್ದು ಅದು ಕೈ ಸೇರುವ ರೀತಿ. ವರ್ಷದ ಕೊನೆಗೆ ಒಂದು ಬೈಕು ಎಂಬ ಬಹುಮಾನ ಮೊದಲ ವಾರದ ಮೂರನೆಯ ದಿನ ಸಂಜೆ ಆರು ಗಂಟೆಗೆ ಹುಟ್ಟುವ ತುಡಿತಕ್ಕೆ ಉತ್ತರ ಕೊಡಲಾರದು. ಮೊದಲ ವಾರ ದಿನದಿನವೂ, ಆಮೇಲೆ ವಾರಕ್ಕೊಮ್ಮೆ, ಅದಾದ ಮೇಲೆ ತಿಂಗಳಿಗೊಮ್ಮೆ ಬರುವ ಸಣ್ಣ ಸಣ್ಣ ಬಹುಮಾನಗಳು, ಅದೂ ಸೇದದ ಪ್ರತಿ ದಿನಕ್ಕೂ ಸ್ವಲ್ಪ ಸ್ವಲ್ಪವೇ ಏರುತ್ತ ಹೋಗಿ, ಸೇದಿದರೆ ಆರಂಭದ ಮೊತ್ತಕ್ಕೆ ಇಳಿಯುವಂಥವು, ಹೆಚ್ಚು ಕಾಲ ಹಿಡಿದಿಡುತ್ತವೆ ಎಂದು ವ್ಯಸನ ಚಿಕಿತ್ಸೆಯ ಪ್ರಯೋಗಗಳು ತೋರಿಸಿವೆ. ಹಾಗೆ ಇಳಿದ ಮೊತ್ತ ಕೆಲವು ದಿನ ಸೇದದೆ ಇದ್ದರೆ ಮತ್ತೆ ಹಳೆಯ ಎತ್ತರಕ್ಕೆ ಮರಳುವಂತಿರಬೇಕು ಎಂಬುದನ್ನು ಮನೆಯವರು ಮರೆಯಬಾರದು. ಒಂದು ಮದುವೆ ಮನೆಯಲ್ಲಿ ಸೇದಿದ ಒಂದೇ ಸಿಗರೇಟಿಗೆ ಎಲ್ಲವೂ ಮುಗಿಯಿತೆಂದಾದರೆ, ಎರಡನೆಯದನ್ನು ಹಚ್ಚದಿರಲು ಯಾವ ಕಾರಣವೂ ಉಳಿಯುವುದಿಲ್ಲ.

ಹಣ ಕೊಡುವಲ್ಲಿ ಸುಳ್ಳು ನುಸುಳುತ್ತದೆ ಎಂಬುದು ನ್ಯಾಯವಾದ ಆತಂಕ. ಆದ್ದರಿಂದಲೇ ಈ ಪ್ರಯೋಗಗಳಲ್ಲಿ ಬಾಯಿಮಾತನ್ನು ನಂಬುವುದಿಲ್ಲ. ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಅಳೆಯುವ ಸಣ್ಣ ಯಂತ್ರವಿದೆ. ಆದರೆ ಸೇದಿದ ಒಂದು ದಿನದೊಳಗೆ ಅದರ ಗುರುತು ಅಳಿದುಹೋಗುತ್ತದೆ. ನಿಕೋಟಿನ್ ದೇಹದಲ್ಲಿ ಕರಗಿ ಉಂಟಾಗುವ ಕೊಟಿನಿನ್ ಎಂಬ ವಸ್ತು ಎಂಜಲು ಮತ್ತು ಮೂತ್ರದಲ್ಲಿ ಕೆಲವು ದಿನ ಉಳಿಯುತ್ತದೆ, ಆದರೆ ನಿಕೋಟಿನ್ ಚೂಯಿಂಗ್ ಗಮ್ ಬಳಸುತ್ತಿರುವ ಪ್ರಾಮಾಣಿಕರನ್ನೂ ಅದು ಸೇದುವವರೆಂದೇ ತೋರಿಸುತ್ತದೆ. ಯಂತ್ರಗಳ ಈ ಮಿತಿಗಳಿಗಿಂತ ಹೆಚ್ಚು ಗಮನಿಸಬೇಕಾದದ್ದು ಪರೀಕ್ಷೆಯ ಇನ್ನೊಂದು ಗುಣ. ಗೊತ್ತಾದ ದಿನ ಒಬ್ಬರು ಬಂದು ನೋಡುತ್ತಾರೆ, ನೋಡಿ ‘ಗೆದ್ದಿದ್ದೀರಿ’ ಎನ್ನುತ್ತಾರೆ ಎಂಬ ನಿರೀಕ್ಷೆಯೇ ಒಂದು ಆಸರೆ. ಕಪ್ಪು ಪಂಚೆ ಮಾಡುವುದೂ ಇದನ್ನೇ: ವ್ರತವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಇಡುತ್ತದೆ.

ಮನೆಯಲ್ಲಿ ಈ ಸಾಕ್ಷಿಯ ಕೆಲಸ ಬಹಳ ಬೇಗ ಪೊಲೀಸರ ಕೆಲಸವಾಗಿಬಿಡುತ್ತದೆ. ಸಂಜೆ ಬಾಗಿಲಲ್ಲೇ ನಿಲ್ಲಿಸಿ ಅಂಗಿ ಮೂಸುವುದು, ಜೇಬು ತಡಕುವುದು, ‘ನಿಮ್ಮಿಂದ ಆಗುತ್ತಾ ರೀ, ಹೋದ ವರ್ಷವೂ ಹೀಗೇ ಹೇಳಿದ್ರಿ’ ಎಂಬ ಮಾತು. ಆ ಮಾತಿನ ಹಿಂದೆ ವರ್ಷಗಳ ನೋವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಸಂಗಾತಿಯ ಹಂಗಿಸುವಿಕೆ ಕಡಿಮೆಯಾಗಿ ಮೆಚ್ಚುಗೆ ಹೆಚ್ಚಾಗಿದ್ದ ಮನೆಗಳಲ್ಲಿ ಬಿಟ್ಟವರು ಹೆಚ್ಚು ಕಾಲ ಬಿಟ್ಟೇ ಇದ್ದರು ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು: ಸಂಗಾತಿಗಳಿಗೆ ಪ್ರೋತ್ಸಾಹಿಸುವುದನ್ನು ಕಲಿಸಿಕೊಡುವ ತರಬೇತಿಗಳು, ಪರೀಕ್ಷಿಸಿ ನೋಡಿದಾಗ, ಬಿಡುವವರ ಸಂಖ್ಯೆಯನ್ನು ಹೆಚ್ಚಿಸಿದ್ದು ಸಾಬೀತಾಗಿಲ್ಲ. ಒಳ್ಳೆಯ ಮಾತು ಕೈಪಿಡಿಯಿಂದ ಹುಟ್ಟುವುದು ಕಷ್ಟವೆಂದು ಕಾಣುತ್ತದೆ. ‘ಅಪ್ಪಾ, ಇವತ್ತಿಗೆ ಒಂಬತ್ತು ದಿನ’ ಎಂದು ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವ ಮಗಳ ಮಾತಿಗೆ ಇರುವ ಬಲವನ್ನು ಯಾವ ತರಬೇತಿಯೂ ಕೊಡಲಾರದು, ನಿಜ. ಆದರೆ ಆ ಬಲವೊಂದನ್ನೇ ನಂಬಿ ಕೂರುವುದೂ ಸರಿಯಲ್ಲ.

ಮನೆಯ ಹೊರಗಿನ ಪ್ರೋತ್ಸಾಹ ಬೇಕಾಗುವುದು ಇಲ್ಲೇ. ತಂಬಾಕು ಬಿಡುವವರಿಗಾಗಿ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಇದೆ. 2016ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಸೇವೆಗೆ 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದ ಮೇಲೆ ದಕ್ಷಿಣದ ಭಾಷೆಗಳಲ್ಲೂ, ಕನ್ನಡದಲ್ಲೂ, ಆಪ್ತಸಮಾಲೋಚನೆ ದೊರೆಯುತ್ತಿದೆ. ಕರೆ ಮಾಡಿದವರ ಜೊತೆ ಕೂಡಿ ಬಿಡುವ ದಿನವನ್ನು ಗೊತ್ತುಪಡಿಸಿ, ಆ ದಿನದ ಆಸುಪಾಸಿನಲ್ಲಿ ಸಮಾಲೋಚಕರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ನಿಕೋಟಿನ್ ಗಮ್ ಮತ್ತು ವೈದ್ಯರು ಬರೆದುಕೊಡುವ ಔಷಧಗಳು ದೇಹದ ತುಡಿತವನ್ನು ತಗ್ಗಿಸುತ್ತವೆ. ಬಹುಮಾನ ಅವುಗಳ ಜೊತೆಗೆ ನಿಲ್ಲಬೇಕಾದದ್ದು, ಅವುಗಳ ಬದಲಿಗೆ ಅಲ್ಲ.

ಬಹುಮಾನದ ವಿರುದ್ಧ ಕೇಳಿಬರುವ ದೊಡ್ಡ ಆಕ್ಷೇಪ ನ್ಯಾಯದ್ದು. ಎಂದೂ ಸೇದದವರಿಗೆ ಏನೂ ಇಲ್ಲ, ಸೇದಿ ಬಿಟ್ಟವರಿಗೆ ಹಣವೇ? ಟೋಕಿಯೊದ ಪಿಯಾಲಾ ಎಂಬ ಕಂಪನಿ 2017ರಲ್ಲಿ ಈ ಪ್ರಶ್ನೆಯನ್ನು ತಿರುವುಮುರುವಾಗಿ ಬಿಡಿಸಿತು. 29ನೆಯ ಮಹಡಿಯಲ್ಲಿದ್ದ ಕಚೇರಿಯಿಂದ ಕೆಳಗಿಳಿದು ಸೇದಿ ಬರುವವರಿಗೆ ಪ್ರತಿ ಬಾರಿ ಹದಿನೈದು ನಿಮಿಷ ಹೋಗುತ್ತದೆ, ನಾವು ಮಾತ್ರ ದುಡಿಯುತ್ತಿರುತ್ತೇವೆ ಎಂದು ಸೇದದವರು ದೂರಿದಾಗ, ಕಂಪನಿ ಸೇದದವರೆಲ್ಲರಿಗೂ ವರ್ಷಕ್ಕೆ ಆರು ದಿನ ಹೆಚ್ಚುವರಿ ರಜೆ ಕೊಟ್ಟಿತು. ಬಿಟ್ಟು ಬಂದವರೂ ಆ ಸಾಲಿಗೆ ಸೇರಬಹುದಾದ್ದರಿಂದ ಸೇದದವರ ಗೌರವವೂ ಉಳಿಯಿತು, ಬಿಡುವವರಿಗೆ ಆಸೆಯೂ ಹುಟ್ಟಿತು. ನಮ್ಮ ಕಾರ್ಖಾನೆಗಳು, ಸಾಫ್ಟ್‌ವೇರ್ ಕಂಪನಿಗಳು ಯೋಚಿಸಬಹುದಾದ ದಾರಿ ಇದು. ಗರ್ಭಿಣಿಯರ ವಿಷಯದಲ್ಲಂತೂ ಈ ಆಕ್ಷೇಪಕ್ಕೆ ನೆಲೆಯೇ ಇಲ್ಲವೆನ್ನಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 612 ಗರ್ಭಿಣಿಯರ ಮೇಲೆ ನಡೆದ ಪ್ರಯೋಗದಲ್ಲಿ, ಗರಿಷ್ಠ 400 ಪೌಂಡ್ ಬೆಲೆಯ ಖರೀದಿ ಕೂಪನ್‌ಗಳ ಅವಕಾಶ ಇದ್ದವರಲ್ಲಿ ಶೇ 22.5, ಇಲ್ಲದವರಲ್ಲಿ ಶೇ 8.6 ಮಂದಿ ಗರ್ಭದ ಕೊನೆಯ ತಿಂಗಳುಗಳ ಹೊತ್ತಿಗೆ ಸೇದುವುದನ್ನು ಬಿಟ್ಟಿದ್ದರು. ಅಲ್ಲಿ ಲಾಭ ಪಡೆದದ್ದು ಇನ್ನೂ ಹುಟ್ಟದ ಮಕ್ಕಳು.

ಬಿಡುವ ಮನಸ್ಸೇ ಇಲ್ಲದವರಿಗೆ ಬಹುಮಾನ ಹೆಚ್ಚೇನೂ ಮಾಡದು ಎಂಬುದನ್ನೂ ಹೇಳಬೇಕು. ಅಮೆರಿಕದ 54 ಕಂಪನಿಗಳ 6,006 ಉದ್ಯೋಗಿಗಳನ್ನು, ಅವರ ಆಸಕ್ತಿ ಕೇಳದೆಯೇ, ಸೇರಿಸಿಕೊಂಡ 2018ರ ಪ್ರಯೋಗದಲ್ಲಿ ಉಚಿತ ಔಷಧದ ಜೊತೆಗೆ ಬಹುಮಾನವಿದ್ದವರಲ್ಲಿ ಶೇ 2, ತಮ್ಮ ಹೆಸರಿನಲ್ಲಿ ಮೊದಲೇ ಇಟ್ಟ ಹಣವನ್ನು ಸೋತರೆ ಕಳೆದುಕೊಳ್ಳುವವರಲ್ಲಿ ಶೇ 2.9 ಮಂದಿ ಮಾತ್ರ ಆರು ತಿಂಗಳು ಬಿಟ್ಟು ಉಳಿದರು. ಆದರೆ ಸಾಮಾನ್ಯ ನೆರವು ಮಾತ್ರ ದೊರೆತವರಲ್ಲಿ ಆ ಸಂಖ್ಯೆ ಶೇ 0.1.

ಈಗ ನಮ್ಮ ರಾಜ್ಯಕ್ಕೆ ಬರೋಣ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಕಾಯ್ದೆ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡವನ್ನು 1,000 ರೂಪಾಯಿ ಮಾಡಿತು, ಬಿಡಿ ಸಿಗರೇಟಿನ ಮಾರಾಟಕ್ಕೂ ಹುಕ್ಕಾ ಬಾರ್‌ಗಳಿಗೂ ತಡೆ ಹಾಕಿತು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಸಾಮ, ದಾನ, ಭೇದ, ದಂಡ ಎಂಬ ನಾಲ್ಕರಲ್ಲಿ ನಾವು ಕೊನೆಯದನ್ನು ಮೊದಲು ಹಿಡಿದು, ಮೊದಲಿನೆರಡನ್ನು ಬಹುತೇಕ ಬಿಟ್ಟೇಬಿಟ್ಟಿದ್ದೇವೆ. ದಂಡ ತೆತ್ತವರ ಕೈಗೆ ರಸೀದಿಯ ಜೊತೆಗೆ ಸಹಾಯವಾಣಿಯ ಸಂಖ್ಯೆಯನ್ನೂ ಕೊಡಬಹುದು. ಮೂರು ತಿಂಗಳು ಬಿಟ್ಟದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದರೆ ದಂಡದ ಒಂದು ಪಾಲು ಮರಳುವಂತೆ ಮಾಡಬಹುದು. ಹಾಗೆ ಮಾಡಿದರೆ ಅದೇ ಸಾವಿರ ರೂಪಾಯಿ ಠೇವಣಿಯಾಗುತ್ತದೆ.

ಹಳ್ಳಿಗಳಿಗೆ ದಾರಿ ತೋರುವ ಒಂದು ಪ್ರಯೋಗ ಥಾಯ್ಲೆಂಡಿನದು. ನಖೋನ್ ನಾಯೋಕ್ ಪ್ರಾಂತ್ಯದಲ್ಲಿ ಸೇದುವವರನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರು ವಾರವಾರ ಅವರ ಠೇವಣಿ ಸಂಗ್ರಹಿಸಿ, ಮೂರು ತಿಂಗಳಲ್ಲಿ ಇಬ್ಬರೂ ಬಿಟ್ಟರೆ ಹೆಚ್ಚುವರಿ ಬಹುಮಾನ ಎಂದರು. ಆರು ತಿಂಗಳ ಹೊತ್ತಿಗೆ ಇವರಲ್ಲಿ ನೂರಕ್ಕೆ ಸುಮಾರು 44 ಮಂದಿ, ಕೇವಲ ಸಲಹೆ ಪಡೆದವರಲ್ಲಿ ಸುಮಾರು 19 ಮಂದಿ ಬಿಟ್ಟಿದ್ದರು. ಸಣ್ಣ ಪ್ರಯೋಗವಾದ್ದರಿಂದ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು. ಆದರೂ ವಾರಕ್ಕೊಮ್ಮೆ ಕೂಡಿ ಹಣ ಕಟ್ಟುವ ಸ್ವಸಹಾಯ ಸಂಘಗಳು, ಮನೆಮನೆಯ ಪರಿಚಯವಿರುವ ಆಶಾ ಕಾರ್ಯಕರ್ತೆಯರು, ಕುಡಿತ ಬಿಟ್ಟವರ ಜೊತೆಗೆ ಶಿಬಿರ ಮುಗಿದ ಮೇಲೂ ನಿಲ್ಲುವ ಧರ್ಮಸ್ಥಳದ ನವಜೀವನ ಸಮಿತಿಗಳಂತಹ ಮಾದರಿ ಇವೆಲ್ಲ ಇರುವ ನಾಡಿನಲ್ಲಿ ಇಂಥದ್ದನ್ನು ಕಟ್ಟಲು ಹೊಸ ಅಡಿಪಾಯ ತೋಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಯರ ಹೆಗಲಿಗೆ ಸಂಬಳವಿಲ್ಲದ ಇನ್ನೊಂದು ಹೊರೆ ಹೊರಿಸದೆ, ಅವರ ಕೆಲಸಕ್ಕೂ ತಕ್ಕ ಹಣ ಇಡಬೇಕೆಂಬುದು ಮಾತ್ರ ಮರೆಯಬಾರದ ಸಂಗತಿ. ಜೊತೆಗೆ, ಮೊದಲು ಹೇಳಿದ 2016–17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8 ಇದ್ದರೆ ಹೊಗೆರಹಿತ ತಂಬಾಕು ಬಳಸುವವರು ಶೇ 16.3 ಇದ್ದರು. ಬೀಡಿ ಬಿಟ್ಟು ಹೊಗೆಸೊಪ್ಪಿಗೆ ಹೋದವರಿಗೆ ಬಹುಮಾನ ಸಲ್ಲದಂತೆ ನಿಯಮ ಇರಲೇಬೇಕು.

ಮತ್ತೆ ನಲವತ್ತೆರಡನೆಯ ದಿನ. ಆಸರೆಗಳೆಲ್ಲ ಒಂದೇ ದಿನ ಕಳಚುವಂತೆ ಇದ್ದರೆ ಬಹುಮಾನದ ಯೋಜನೆಯೂ ವ್ರತದಂತೆಯೇ ಮುಗಿದುಹೋಗುತ್ತದೆ. ಗುರುಸ್ವಾಮಿಯ ಮುಂದೆ ಮಾಲೆ ತೆಗೆಯುವ ದಿನವೇ ಜೊತೆಯ ಸ್ವಾಮಿಗಳಲ್ಲಿ ಇಬ್ಬರು ಕೂಡಿ, ಸಿಗರೇಟಿಗೆ ಹೋಗಬೇಕಾಗಿದ್ದ ಹಣವನ್ನು ಮುಂದಿನ ವರ್ಷದ ಯಾತ್ರೆಗೆಂದು ಮುಡಿಪು ಕಟ್ಟಿ, ಪ್ರತಿ ಭಾನುವಾರ ಒಬ್ಬರ ಮನೆಯಲ್ಲಿ ಅದಕ್ಕೆ ವಾರದ ಪಾಲನ್ನು ಸೇರಿಸುತ್ತ ಹೋದರೆ, ಚಹಾ ಅಂಗಡಿಯ ಮುಂದೆ ನಿಂತಾಗ ನೆನಪಿಗೆ ಬರಲು ಒಂದು ಗಂಟು, ಉತ್ತರ ಕೊಡಲು ಒಬ್ಬ ಗೆಳೆಯ ಇಬ್ಬರೂ ಇರುತ್ತಾರೆ. ಆ ಭಾನುವಾರಗಳು ಮೊದಲ ಮೂರು ತಿಂಗಳು ತಪ್ಪಬಾರದು. ಆಮೇಲೆ ತಿಂಗಳಿಗೊಂದಾದರೂ ಸಾಕು.